ಸರಮೆಯ ಪ್ರಶ್ನೆ

ನಾಯಿಯನ್ನು ಸಾಕುವವರು ನಮ್ಮ ಸೀಮೆಯಲ್ಲಿ ಅನೇಕರುಂಟು. ಅದರ ಸ್ವಭಾವವನ್ನು ಅರಿತು ಸಾಕುವವರು ವಿರಳ. ಮನೆಗೆ ಮರಿಯನ್ನು ತರುವಾಗಿನ ಉತ್ಸಾಹವು ಆರು ತಿಂಗಳು ಕಳೆಯುವಷ್ಟರಲ್ಲಿ ದೂರಿನ ರೂಪವನ್ನು ತಾಳುವದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಹಗಲಿರುಳು ಬೊಗಳುತ್ತದೆ. ಚಪ್ಪಲಿಗಳನ್ನು ಕಡಿದು ಹಾಕುತ್ತದೆ. ಪಡಸಾಲೆಯಲ್ಲಿಯೇ ಹೊಲಸು ಮಾಡುತ್ತದೆ. ಬಂದವರ ಮೈಮೇಲೆ ನೆಗೆಯುತ್ತದೆ. ಅದರ ಗಂಗಾಳದ ಹತ್ತಿರ ಹೋದರೆ ಗುರುಗುಟ್ಟುತ್ತದೆ. ಇಷ್ಟನ್ನೂ ಎಣಿಸಿ ಹೇಳಿ, ಕಡೆಗೆ ನಾಯಿಯ ಬಾಲ ಡೊಂಕೆಂಬ ಗಾದೆಯನ್ನು ನುಡಿದು, ಕೋಲನ್ನು ಕೈಗೆ ತೆಗೆದುಕೊಳ್ಳುವದು ಲೋಕರೂಢಿಯಾಗಿದೆ. ಗಾದೆಯು ವೇದಕ್ಕೆ ಸಮಾನವೆಂದು ಹಿರಿಯರು ಅನ್ನುತ್ತಾರಾದರೂ ಈ ಗಾದೆಯ ವಿಷಯದಲ್ಲಿ ನನ್ನದೊಂದು ಆಕ್ಷೇಪವುಂಟು. ಬಾಲದ ಡೊಂಕು ದೇಹಧರ್ಮ. ಅದನ್ನು ತಿದ್ದುವ ಅಗತ್ಯವೇ ಇಲ್ಲ. ನಡತೆಯ ಡೊಂಕಾದರೋ ಬೇರೆ. ಅದಕ್ಕೆ ಕಾರಣವುಂಟು, ಕಾರಣವಿದ್ದಲ್ಲಿ ಉಪಾಯವೂ ಉಂಟು. ಈ ಮಾತನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂಬದೇ ಈ ಲೇಖನದ ಉದ್ದೇಶ.

ಮಹಾಭಾರತದ ಆದಿಪರ್ವದಲ್ಲಿ, ಮುಖ್ಯ ಕಥೆಯು ಇನ್ನೂ ಆರಂಭವಾಗುವ ಮೊದಲೇ, ಒಂದು ನಾಯಿಯ ವೃತ್ತಾಂತವು ಬರುತ್ತದೆ. ಪರೀಕ್ಷಿತನ ಮಗನಾದ ಜನಮೇಜಯನು ಕುರುಕ್ಷೇತ್ರದಲ್ಲಿ ದೀರ್ಘಸತ್ರವೊಂದನ್ನು ನಡೆಸುತ್ತಿದ್ದನು. ಅವನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಜೊತೆಯಲ್ಲಿದ್ದರು. ದೇವತೆಗಳ ನಾಯಿಯೆನಿಸಿದ ಸರಮೆಯ ಮಗನು ಅಲ್ಲಿಗೆ ಬಂದಾಗ ಆ ತಮ್ಮಂದಿರು ಅದನ್ನು ಹೊಡೆದಟ್ಟಿದರು. ಅದು ಅಳುತ್ತ ತಾಯಿಯ ಬಳಿಗೆ ಓಡಿತು. ಇಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ಸರಮೆಯು ಕೂಡಲೇ ಮಗನ ಪಕ್ಷವನ್ನು ವಹಿಸಲಿಲ್ಲ. ನೀನೇ ಏನಾದರೂ ತಪ್ಪು ಮಾಡಿರಬೇಕೆಂದು ಮೊದಲು ಮಗನನ್ನೇ ವಿಚಾರಿಸಿದಳು. ತಾನು ಹವಿಸ್ಸನ್ನು ನೆಕ್ಕುವದಂತಿರಲಿ, ಅದರ ಕಡೆಗೆ ನೋಡಲೂ ಇಲ್ಲವೆಂದು ಅದು ಹೇಳಿದ ಮೇಲೆಯೇ ಅವಳು ಯಜ್ಞಭೂಮಿಗೆ ಹೋಗಿ, ತಪ್ಪಿಲ್ಲದ ನನ್ನ ಮಗನನ್ನು ಏತಕ್ಕೆ ಹೊಡೆದಿರೆಂದು ಕೇಳಿದಳು. ರಾಜಪುತ್ರರು ಉತ್ತರ ಕೊಡಲಿಲ್ಲ, ಕೊಡಲು ಉತ್ತರವಿರಲಿಲ್ಲ. ಆಗ ಅವಳು, ಕಾಣದ ಭಯವೊಂದು ನಿಮಗೆ ಬಂದೊದಗಲೆಂದು ಶಪಿಸಿದಳು.

ಶಾಪದ ಮಾತನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಅಪರಾಧವನ್ನು ವಿಚಾರಿಸದೆ ದಂಡವನ್ನು ಕೊಟ್ಟವನ ಮನೆಗೆ ಭಯವು ಬರುತ್ತದೆಂಬದು ಮಾತ್ರ ನಾಯಿಗಳ ವಿಷಯದಲ್ಲಿ ಅಕ್ಷರಶಃ ಸತ್ಯ. ಕಾರಣ ತಿಳಿಯದೆ ಏಟು ತಿಂದ ನಾಯಿಯು ಅಂಜುತ್ತದೆ. ಅಂಜಿದ ನಾಯಿಯು ಒಂದಿಲ್ಲೊಂದು ದಿನ ಕಚ್ಚುತ್ತದೆ. ಕಚ್ಚುವ ನಾಯಿಯಿದ್ದ ಮನೆಯವರು ತಾವೇ ಅಂಜುತ್ತ ಬಾಳಬೇಕಾಗುತ್ತದೆ.

ಇದಕ್ಕೆ ನಮ್ಮೂರಾದ ಮಾದನಹಿಪ್ಪರಗಾದ ನಿದರ್ಶನವೊಂದನ್ನೇ ಹೇಳುವೆನು. ನಮ್ಮ ಓಣಿಯ ಒಂದು ಒಕ್ಕಲುತನದ ಮನೆಯಲ್ಲಿ ಮೋತಿ ಎಂಬ ನಾಯಿಯುಂಟು. ಮರಿಯಾಗಿದ್ದಾಗ ಅದು ಮನೆಯ ಮಕ್ಕಳ ಹಾಸಿಗೆಯಲ್ಲಿಯೇ ಮಲಗುತ್ತಿತ್ತು. ಒಂದು ವರ್ಷ ತುಂಬುವಷ್ಟರಲ್ಲಿ ನೆರೆಮನೆಯ ಕೋಳಿಯೊಂದನ್ನು ಕೊಂದಿತು. ಅಂದಿನಿಂದ ಅದನ್ನು ಬಾಗಿಲ ಪಕ್ಕದ ಕಬ್ಬಿಣದ ಬಳೆಗೆ ಮೂರು ಮೊಳದ ಸರಪಳಿಯಿಂದ ಬಿಗಿದರು. ಹೋಗಿ ಬರುವ ಹುಡುಗರು ಅದಕ್ಕೆ ಹಳ್ಳು ಒಗೆಯುವರು, ಅದು ಬೊಗಳುವದು, ಬೊಗಳಿದ್ದಕ್ಕೆ ಮನೆಯವರು ಬಡಿಯುವರು. ಹೀಗೆ ಒಂದು ವರ್ಷ ನಡೆಯಿತು. ಕಡೆಗೆ ತೊಗರಿಯ ರಾಶಿಯ ದಿನಗಳಲ್ಲಿ, ಎಲ್ಲರೂ ಹೊಲದ ಕೆಲಸದಲ್ಲಿ ತೊಡಗಿದ್ದಾಗ, ಮನೆಯ ಏಳು ವರ್ಷದ ಮೊಮ್ಮಗನು ರೊಟ್ಟಿ ತಿನ್ನುತ್ತಿದ್ದ ಮೋತಿಯ ಹತ್ತಿರ ಹೋಗಿ ತುಣುಕೊಂದನ್ನು ಎತ್ತಿಕೊಡಲೆಂದು ಕೈ ಚಾಚಿದನು. ಅದು ಕೈಯನ್ನು ಕಚ್ಚಿತು.

ಹುಡುಗನ ಗಾಯವನ್ನು ನಳದ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಸಿ ಆಸ್ಪತ್ರೆಗೆ ಕಳುಹಿದೆವು. ಸಂಜೆ ಮನೆಯ ಯಜಮಾನನು ನಮ್ಮ ಕಟ್ಟೆಗೆ ಬಂದು ಕುಳಿತನು. "ಮಾಸ್ತರ್ರೆ, ಇದರ ಬುದ್ಧಿ ಕೆಟ್ಟದರಿ. ನಾಳಿ ಟ್ರ್ಯಾಕ್ಟರದಾಗ ಹಾಕ್ಕೊಂಡು ಗಡಿ ಆಚಿ ಬಿಟ್ಟು ಬರ್ತೀನಿ" ಎಂದನು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಹುಡುಗನು ಅಜ್ಜನ ಹಿಂದೆಯೇ ಬಂದಿದ್ದವನು, "ಮುತ್ಯಾ, ಮೋತಿಗಿ ಬಿಟ್ಟು ಬರಬ್ಯಾಡ ಅಂತ ಹೇಳ್ರಿ" ಎಂದು ನನ್ನ ಮುಖವನ್ನು ನೋಡಿದನು. ಕಚ್ಚಿಸಿಕೊಂಡವನೇ ಕಚ್ಚಿದ್ದರ ಪರವಾಗಿ ಬೇಡುತ್ತಿರುವಾಗ ನಡುವೆ ಕುಳಿತವನು ಸುಮ್ಮನಿರಲಾಗದು. ನಾನಾದರೋ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು, ಪಶುವೈದ್ಯನಲ್ಲ. ಆದರೆ ನಮ್ಮ ಮನೆಯಲ್ಲಿ ನಾಯಿಯಿಲ್ಲದ ಕಾಲವೇ ಇರಲಿಲ್ಲ. ಬಿಡುವಾದಾಗ ಈ ವಿಷಯಕ ಗ್ರಂಥಗಳನ್ನು ನೋಡುವ ಹವ್ಯಾಸವೂ ಉಂಟು. ಆದಕಾರಣ, ಹತ್ತು ದಿನ ನಾಯಿಯನ್ನು ಎಲ್ಲಿಗೂ ಒಯ್ಯಬೇಡ, ಅಷ್ಟರಲ್ಲಿ ವಿಚಾರ ಮಾಡೋಣವೆಂದು ಹೇಳಿದೆನು.

ಹತ್ತು ದಿನವೆಂದದ್ದಕ್ಕೆ ಕಾರಣವುಂಟು. ಕಚ್ಚಿದ ಸಮಯದಲ್ಲಿ ಹುಚ್ಚುರೋಗದ ವಿಷವು ಅದರ ಜೊಲ್ಲಿನಲ್ಲಿ ಇಳಿದಿದ್ದರೆ ಆ ನಾಯಿಯು ಸಾಮಾನ್ಯವಾಗಿ ಹತ್ತು ದಿನಗಳೊಳಗಾಗಿ ರೋಗದ ಲಕ್ಷಣಗಳನ್ನು ತೋರಿ ಸಾಯುತ್ತದೆ. ಹಾಗೆಂದು ಕಚ್ಚಿಸಿಕೊಂಡವನ ಚಿಕಿತ್ಸೆಯನ್ನು ಹತ್ತು ದಿನ ತಡೆಯಬಾರದು. ಗಾಯವನ್ನು ತೊಳೆದ ಮೇಲೆ ಅದೇ ದಿನ ಚುಚ್ಚುಮದ್ದನ್ನು ಆರಂಭಿಸಿ, ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಪೂರ್ತಿಮಾಡಬೇಕು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಕೊಡತಕ್ಕ ಇನ್ನೊಂದು ಮದ್ದೂ ಬೇಕಾಗುತ್ತದೆ. ಕಾರದಪುಡಿ, ಸುಣ್ಣ, ಸೊಪ್ಪಿನ ರಸಗಳನ್ನು ಮೆತ್ತುವದು ಪ್ರಾಣಕ್ಕೆ ಅಪಾಯಕರ. ೧೮೮೫ರ ಜುಲೈ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಲೂಯಿ ಪಾಸ್ಚರನು ಜೋಸೆಫ್ ಮೈಸ್ಟರನೆಂಬ ಒಂಬತ್ತು ವರ್ಷದ ಬಾಲಕನಿಗೆ ಈ ಮದ್ದನ್ನು ಚುಚ್ಚಿ ಉಳಿಸಿದಂದಿನಿಂದ ಕಾಲಕ್ಕೆ ಸರಿಯಾದ ಉಪಾಯವು ನಮ್ಮ ಕೈಯಲ್ಲಿದೆ. ರೋಗವು ತಲೆಗೇರಿದ ಮೇಲೆ ಇಂದಿಗೂ ಉಪಾಯವಿಲ್ಲವೆನ್ನಬೇಕು. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿ, ದನಿ ಒಡೆದು, ಜೊಲ್ಲು ಸುರಿಸುತ್ತ, ದವಡೆ ಜೋತುಬಿದ್ದು, ತೂರಾಡುವ ನಾಯಿಗೆ ಶಿಕ್ಷಣದ ಮಾತೇ ಇಲ್ಲ. ಅದರಿಂದ ದೂರವಿದ್ದು ಪಶುವೈದ್ಯರಿಗೆ ತಿಳಿಸಬೇಕು. ಮೋತಿಗೆ ಮೊದಲೇ ಚುಚ್ಚುಮದ್ದು ಹಾಕಿಸಿದ್ದರು. ಹತ್ತು ದಿನವೂ ಅದು ಆರೋಗ್ಯವಾಗಿಯೇ ಇದ್ದಿತು.

ಇನ್ನು ವಿಚಾರಣೆಯ ಕ್ರಮ. ವ್ಯಾಕರಣದಲ್ಲಿ ಒಂದು ಶಬ್ದದ ರೂಪವು ಬದಲಾದರೆ, ಹೀಗೇಕಾಯಿತೆಂದು ಮೊದಲು ನಿಮಿತ್ತವನ್ನು ಹುಡುಕುತ್ತೇವೆ, ನಿಮಿತ್ತವಿಲ್ಲದೆ ಕಾರ್ಯವಿಲ್ಲ. ನಾಯಿಯ ನಡತೆಗೂ ಇದೇ ಕ್ರಮವು ಸಲ್ಲುತ್ತದೆ. ಅದು ಆ ಕೆಲಸವನ್ನು ಮಾಡುವ ಮೊದಲು ಏನು ನಡೆಯಿತು? ಅದು ಮಾಡಿದ್ದು ನಿಜವಾಗಿ ಏನು? ಮಾಡಿದ್ದರಿಂದ ಅದಕ್ಕೆ ಲಭಿಸಿದ್ದು ಏನು? ನಿಮಿತ್ತ, ಕಾರ್ಯ, ಫಲ—ಈ ಮೂರನ್ನು ಒಂದು ವಾರ ಕಾಗದದಲ್ಲಿ ಬರೆದಿಟ್ಟು ನೋಡಿದರೆ ಮುಕ್ಕಾಲು ಪಾಲು ದೂರುಗಳ ಗುಟ್ಟು ತಾನಾಗಿ ಬಯಲಾಗುತ್ತದೆ. ಅಮೇರಿಕದ ಥಾರ್ನ್‌ಡೈಕ್ ಎಂಬ ಪಂಡಿತನು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನಡೆಸಿದ ಪ್ರಯೋಗಗಳನ್ನು ೧೮೯೮ರಲ್ಲಿ ಪ್ರಕಟಿಸಿ ತೋರಿಸಿದ್ದೂ ಇದನ್ನೇ: ಸುಖಫಲವನ್ನು ಕೊಟ್ಟ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮಾಡುತ್ತದೆ, ಫಲವಿಲ್ಲದ್ದನ್ನು ಕ್ರಮೇಣ ಬಿಡುತ್ತದೆ.

ಬೊಗಳುವಿಕೆಯನ್ನೇ ತೆಗೆದುಕೊಳ್ಳೋಣ. ಅಪರಿಚಿತನನ್ನು ಕಂಡು ಬೊಗಳುವದು ಬೇರೆ, ಒಂಟಿತನದಿಂದ ಊಳಿಡುವದು ಬೇರೆ, ಅಂಜಿ ಬೊಗಳುವದು ಬೇರೆ, ರೊಟ್ಟಿಗಾಗಿ ಪೀಡಿಸಿ ಬೊಗಳುವದು ಬೇರೆ. ನಾಲ್ಕಕ್ಕೂ ಒಂದೇ ಕೋಲಿನ ಔಷಧವೆಂದರೆ ನಾಲ್ಕು ಬಗೆಯ ಜ್ವರಕ್ಕೆ ಒಂದೇ ಗುಳಿಗೆಯನ್ನು ಕೊಟ್ಟಂತೆ. ಒಂಟಿಯಾಗಿರುವ ನಾಯಿಗೆ ಸಂಗಡ ಬೇಕು. ಅಂಜಿದ್ದಕ್ಕೆ ಅಂಜಿಕೆಯ ವಸ್ತುವಿನಿಂದ ದೂರ ಬೇಕು. ಪೀಡಿಸುವದಕ್ಕೆ, ಅದು ಸುಮ್ಮನಾಗುವವರೆಗೆ ಏನನ್ನೂ ಕೊಡಬಾರದು. ಒಂಬತ್ತು ಸಲ ತಡೆದು ಹತ್ತನೆಯ ಸಲ ಬೇಸತ್ತು ಒಂದು ತುಣುಕನ್ನು ಎಸೆದರೆ, ಹತ್ತು ಸಲ ಬೊಗಳಬೇಕೆಂಬ ಪಾಠವನ್ನು ನಾವೇ ಕಲಿಸಿದಂತಾಯಿತು. ಅಪರಿಚಿತನನ್ನು ಕಂಡು ಬೊಗಳುವದಂತೂ ಅದರ ಕರ್ತವ್ಯ. ನಾಲ್ಕು ಸಲ ಬೊಗಳಿದ ಮೇಲೆ ಹತ್ತಿರ ಕರೆದು, ಸುಮ್ಮನಾದೊಡನೆ ಮೆಚ್ಚಿದರೆ ಸಾಕು. ದೂರದಿಂದ ನಾವೂ ಕೂಗಿದರೆ, ಯಜಮಾನನೂ ತನ್ನೊಡನೆ ಬೊಗಳುತ್ತಿದ್ದಾನೆಂದೇ ಅದಕ್ಕೆ ತೋರುವದು.

ದಾರಿಯಲ್ಲಿ ಹೋಗುವ ಮೋಟಾರುಬಂಡಿಗಳನ್ನು ಬೆನ್ನಟ್ಟುವ ನಾಯಿಯ ಫಲವನ್ನು ಯೋಚಿಸಿರಿ. ಬಂಡಿಯು ನಿಲ್ಲುವದಿಲ್ಲ, ಹೋಗಿಯೇ ಹೋಗುತ್ತದೆ. ನಾಯಿಯ ಲೆಕ್ಕದಲ್ಲಿ ಅದು ತನಗೆ ಅಂಜಿ ಓಡಿತು. ದಿನಕ್ಕೆ ಇಪ್ಪತ್ತು ಸಲ ಜಯವನ್ನು ಪಡೆಯುವ ವೀರನು ಯುದ್ಧವನ್ನು ಬಿಡುವನೆ? ಇಂಥದನ್ನು ಹಗ್ಗದಲ್ಲಿ ಹಿಡಿದು, ರಸ್ತೆಯಿಂದ ಸಾಕಷ್ಟು ದೂರ ನಿಂತು, ಬಂಡಿಯು ಕಂಡೊಡನೆ ತಿನಿಸನ್ನು ತೋರಿ ನಮ್ಮ ಕಡೆಗೆ ತಿರುಗಿಸಬೇಕು. ದಿನಗಳು ಹೋದಂತೆ ದೂರವನ್ನು ಕಡಿಮೆ ಮಾಡುತ್ತ ಬರಬೇಕು. ಮೈಮೇಲೆ ನೆಗೆಯುವದೂ ಇಂಥದೇ. ಮರಿಯು ನೆಗೆದಾಗ ಎತ್ತಿಕೊಂಡು ಮುದ್ದಿಸಿದವರು ನಾವು. ಬೆಳೆದ ಮೇಲೆ ಅದೇ ನೆಗೆತಕ್ಕೆ ಒದೆಯುವವರೂ ನಾವು. ನೆಗೆದಾಗ ಮಾತಿಲ್ಲದೆ ಬೆನ್ನು ತಿರುಗಿಸಿ, ನಾಲ್ಕು ಕಾಲೂ ನೆಲಕ್ಕಿರುವಾಗ ಮಾತ್ರ ತಲೆ ಸವರಿದರೆ ಕೆಲವು ವಾರಗಳಲ್ಲಿ ಬಿಡುತ್ತದೆ. ಆದರೆ ಮನೆಯವರೆಲ್ಲರ ನಿಯಮವೂ ಒಂದೇ ಆಗಿರಬೇಕು. ಅಪ್ಪನು ಗದರಿಸಿ ಅವ್ವನು ಮುದ್ದಿಸುವ ಮನೆಯಲ್ಲಿ ಮಗುವೇ ಕಲಿಯದಿರುವಾಗ ನಾಯಿಯು ಏನನ್ನು ಕಲಿತೀತು?

ಕಡಿಯುವದಕ್ಕೆ ವಯೋಧರ್ಮವು ಕಾರಣ. ಮೂರು ನಾಲ್ಕು ತಿಂಗಳಿಂದ ಆರೇಳು ತಿಂಗಳವರೆಗೆ ಮರಿಯ ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲು ಬರುತ್ತವೆ, ಒಸಡು ನವೆಯುತ್ತದೆ. ಅದಕ್ಕೆಂದೇ ಗಟ್ಟಿ ಬಟ್ಟೆಯ ಗಂಟನ್ನೋ ಹಗ್ಗದ ತುಂಡನ್ನೋ ಕೊಟ್ಟು, ಚಪ್ಪಲಿಗಳನ್ನು ಮೇಲೆ ಎತ್ತಿಡುವದೇ ವಿವೇಕ. ಹೊಲಸಿನ ವಿಷಯವೂ ಸುಲಭ. ನಿದ್ದೆಯಿಂದೆದ್ದೊಡನೆ, ಉಂಡೊಡನೆ, ಆಡಿ ದಣಿದೊಡನೆ ಮರಿಯನ್ನು ಹಿತ್ತಲಿಗೆ ಒಯ್ಯಬೇಕು. ಅಲ್ಲಿಯೇ ಮಾಡಿದಾಗ ಅಲ್ಲಿಯೇ ಮೆಚ್ಚಬೇಕು. ಒಳಗೆ ಮಾಡಿದ ಜಾಗವನ್ನು ವಾಸನೆಯುಳಿಯದಂತೆ ತೊಳೆಯಬೇಕು, ಏಕೆಂದರೆ ವಾಸನೆಯೇ ಅದಕ್ಕೆ ಗುರುತು. ಮೂಗನ್ನು ಅದರಲ್ಲಿ ತಿಕ್ಕುವ ಪದ್ಧತಿಯು ಕ್ರೂರವಷ್ಟೇ ಅಲ್ಲ, ನಿಷ್ಪ್ರಯೋಜಕ. ಗಳಿಗೆ ಕಳೆದ ಮೇಲೆ ಕೊಟ್ಟ ದಂಡವು ಯಾವ ಕೃತ್ಯಕ್ಕೆಂದು ಅದಕ್ಕೆ ಗೊತ್ತಾಗುವದಿಲ್ಲ. ಯಜಮಾನನ ಕೈ ಭಯಂಕರವೆಂಬದಷ್ಟೇ ಗೊತ್ತಾಗುತ್ತದೆ.

ಇದಕ್ಕೆ, "ಬೈದಾಗ ಕಿವಿ ಇಳಿಸಿ ಬಾಲ ಮುದುಡಿ ತಪ್ಪೊಪ್ಪಿಕೊಳ್ಳುತ್ತದಲ್ಲ, ಗೊತ್ತಿಲ್ಲವೆಂಬದು ಹೇಗೆ?" ಎಂದು ಕೆಲವರು ಕೇಳುವದುಂಟು. ಈ ಪ್ರಶ್ನೆಯನ್ನೇ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು ಅಮೇರಿಕದಲ್ಲಿ ಹದಿನಾಲ್ಕು ನಾಯಿಗಳ ಮೇಲೆ ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದಳು. ಯಜಮಾನನು ತಿನಿಸನ್ನಿಟ್ಟು, ತಿನ್ನಬೇಡವೆಂದು ಹೇಳಿ ಹೊರಗೆ ಹೋಗುವನು. ಕೆಲವು ಸಲ ನಾಯಿಯು ತಿನ್ನುವದು; ಕೆಲವು ಸಲ ಪರೀಕ್ಷಕರೇ ತಿನಿಸನ್ನು ಎತ್ತಿಬಿಡುವರು. ಬಂದ ಯಜಮಾನನಿಗೆ ಒಮ್ಮೆ ನಿಜವನ್ನೂ ಒಮ್ಮೆ ಸುಳ್ಳನ್ನೂ ಹೇಳುವರು. ಆ ತಪ್ಪಿತಸ್ಥ ನೋಟವು ತಿಂದದ್ದನ್ನಾಗಲಿ ಬಿಟ್ಟದ್ದನ್ನಾಗಲಿ ಅವಲಂಬಿಸಿರಲಿಲ್ಲ. ಯಜಮಾನನು ಬೈದನೋ ಇಲ್ಲವೋ ಎಂಬದನ್ನು ಅವಲಂಬಿಸಿತ್ತು. ಅಷ್ಟೇ ಅಲ್ಲ, ಮಾತು ಕೇಳಿ ತಿನ್ನದೆ ಇದ್ದು ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನಷ್ಟು ಎದ್ದು ಕಂಡಿತು. ಹವಿಸ್ಸನ್ನು ಮುಟ್ಟದೆ ಏಟು ತಿಂದ ಸರಮೆಯ ಮಗನು ಈ ಹದಿನಾಲ್ಕರ ನಡುವೆಯೂ ಇದ್ದನೆಂದು ಓದುವಾಗ ನನಗೆ ತೋರಿತು. ನಾವು ತಪ್ಪೊಪ್ಪಿಗೆಯೆಂದು ತಿಳಿದದ್ದು ಅಂಜಿಕೆ. ಕೋಪವನ್ನು ತಣಿಸಿರೆಂಬ ಬೇಡಿಕೆ.

ನಾಯಿಯನ್ನು ಬಡಿದು ಅಡಗಿಸದಿದ್ದರೆ ಅದು ತಾನೇ ಒಡೆಯನಾಗುತ್ತದೆಂಬ ಇನ್ನೊಂದು ಮತವುಂಟು. ಸ್ವಿಟ್ಜರ್ಲೆಂಡಿನ ಶೆಂಕೆಲ್ ಎಂಬವನು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ೧೯೪೭ರಲ್ಲಿ ಬರೆದದ್ದು ಈ ಮತದ ಮೂಲ. ಸಂಬಂಧವಿಲ್ಲದ ತೋಳಗಳನ್ನು ಇಕ್ಕಟ್ಟಿನಲ್ಲಿಟ್ಟರೆ ಅವು ಮೇಲುಗೈಗಾಗಿ ಕಾದಾಡುವದು ಸಹಜವೇ. ಆದರೆ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳನ್ನು ಕಂಡ ಡೇವಿಡ್ ಮೆಕ್ ಎಂಬ ಪಂಡಿತನು ೧೯೯೯ರಲ್ಲಿ ಬೇರೆಯೇ ಚಿತ್ರವನ್ನು ಕೊಟ್ಟನು: ತೋಳಗಳ ಹಿಂಡೆಂದರೆ ಸಾಮಾನ್ಯವಾಗಿ ತಂದೆತಾಯಿ ಮತ್ತು ಅವುಗಳ ಮಕ್ಕಳು; ಮುಂದಾಳುತನವೆಂದರೆ ತಂದೆತಾಯಿತನ. ಈ ಮಾತಿಗೆ ನಮ್ಮ ಭಾಷೆಯಲ್ಲಿ ಹಳೆಯ ಸಾಕ್ಷಿಯೊಂದುಂಟು. ಅಮರಕೋಶದಲ್ಲಿ ನಾಯಿಯ ಹೆಸರುಗಳನ್ನು ಹೇಳುವಲ್ಲಿ ಕೌಲೇಯಕವೆಂಬದು ಒಂದು, ಸಾರಮೇಯವೆಂಬದು ಇನ್ನೊಂದು. ಎರಡನೆಯದು ಸರಮೆಯ ಸಂತಾನವೆಂಬರ್ಥದ್ದು. ಮೊದಲನೆಯದನ್ನು ಪಾಣಿನಿಯು ಕುಲ ಶಬ್ದದಿಂದ, ನಾಯಿಯೆಂಬ ಅರ್ಥಕ್ಕೆಂದೇ ಸೂತ್ರವಿಟ್ಟು ಸಾಧಿಸಿದ್ದಾನೆ. ಕುಲದಲ್ಲಿರುವದು, ಮನೆತನಕ್ಕೆ ಸೇರಿದ್ದು ಕೌಲೇಯಕ. ಮನೆತನಕ್ಕೆ ಸೇರಿದ್ದನ್ನು ಹಗೆಯಂತೆ ಅಡಗಿಸಬೇಕಾಗಿಲ್ಲ. ಮಕ್ಕಳಂತೆ ನಡೆಸಿಕೊಂಡು ತಿದ್ದಬೇಕು.

ಮನೆತನಕ್ಕೆ ಸೇರಿಸುವದಕ್ಕೂ ಒಂದು ಕಾಲವುಂಟು. ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ಅನೇಕ ವರ್ಷ ಮರಿಗಳನ್ನು ಸಾಕಿ ನೋಡಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದ ಮೇರೆಗೆ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ಯಾರ ಸಂಗಡ ಬೆಳೆಯುವದೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಕುರುಬರ ಹಟ್ಟಿಯಲ್ಲಿ ಕುರಿಗಳ ನಡುವೆ ಬೆಳೆದ ನಾಯಿಯು ಕುರಿಯನ್ನು ಕಾಯುವದಕ್ಕೆ ಇದೇ ಕಾರಣ. ಆ ಅವಧಿಯಲ್ಲಿ ಮುದುಕರು, ಮಕ್ಕಳು, ದನ, ಕೋಳಿ, ಬಂಡಿಯ ಸಪ್ಪಳ ಇವೆಲ್ಲವನ್ನೂ ಅಂಜಿಸದಂತೆ ಪರಿಚಯ ಮಾಡಿಸಿದರೆ ಮುಂದಿನ ಅರ್ಧ ತೊಂದರೆ ಹುಟ್ಟುವದೇ ಇಲ್ಲ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಅಗಲಿಸಿದ ಮರಿಯು ಕಚ್ಚುವ ಬಲವನ್ನು ಹಿಡಿತದಲ್ಲಿಡುವದನ್ನು ಒಡಹುಟ್ಟಿದವುಗಳಿಂದ ಕಲಿಯದೆ ಬರುತ್ತದೆ.

ತಳಿಯ ಧರ್ಮವನ್ನೂ ಮರೆಯಲಾಗದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯು ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದದ್ದು. ೨೦೦೫ರಲ್ಲಿ ಅದರ ಚಿತ್ರದ ಅಂಚೆಚೀಟಿಯು ಹೊರಟಿತು. ೨೦೧೬ರಲ್ಲಿ ಭಾರತೀಯ ಸೈನ್ಯವು ಅದನ್ನು ಮೀರತ್ತಿಗೆ ಒಯ್ದು ತರಬೇತಿಗೆ ತೊಡಗಿಸಿತು. ಈ ಕೀರ್ತಿಯನ್ನು ಕೇಳಿ ಮರಿಯನ್ನು ತಂದು ಮೂರು ಮೊಳದ ಸರಪಳಿಗೆ ಕಟ್ಟುವವರನ್ನು ಕಂಡಿದ್ದೇನೆ. ಮೊಲದ ಹಿಂದೆ ಹಾರಿ ಓಡಲೆಂದು ತಲೆತಲಾಂತರದಿಂದ ಆರಿಸಿ ಬೆಳೆಸಿದ ದೇಹವು ಬಾಗಿಲ ಕಂಬದ ಬುಡದಲ್ಲಿ ಕೆಡದೆ ಇನ್ನೇನಾದೀತು? ಕ್ರಿಸ್ತಶಕ ೯೪೯-೫೦ರ ಆತಕೂರಿನ ಶಾಸನವನ್ನು ವಾಚಕರು ಬಲ್ಲರು. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಮೂರನೆಯ ಕೃಷ್ಣನ ಕಾಲದಲ್ಲಿ, ಗಂಗರ ಬೂತುಗನ ಭಟನಾದ ಮಣಲೇರನು ಒಡೆಯನಿಂದ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕಲ್ಲನ್ನು ಗಳಿಸಿಕೊಟ್ಟ ಹಿಡಿದು ಬಿಡದ ಛಲವೇ ಮೋತಿಗೆ ಕೋಳಿಯ ಪ್ರಸಂಗದಲ್ಲಿ ಸರಪಳಿಯನ್ನು ಗಳಿಸಿಕೊಟ್ಟಿತು. ಕೋಳಿಯನ್ನು ಕೊಲ್ಲಬಾರದೆಂಬದು ನ್ಯಾಯವೇ. ಆದರೆ ಅದನ್ನು ಕಲಿಸಬೇಕಾದದ್ದು ಮರಿತನದಲ್ಲಿ, ಹಗ್ಗವನ್ನು ಕೈಯಲ್ಲಿ ಹಿಡಿದು, ತಾಳ್ಮೆಯಿಂದ.

ಈ ಹಿನ್ನೆಲೆಯಲ್ಲಿ ಮೋತಿಯ ವಿಚಾರಣೆಯನ್ನು ನಡೆಸಿದೆವು. ಯಜಮಾನನು ಹೇಳಿದ್ದನ್ನೆಲ್ಲ ಬರೆದುಕೊಂಡು ಪಶುವೈದ್ಯರಿಗೂ ತೋರಿಸಿದೆವು. ನೋವು ಸಹ ಕಚ್ಚಿಸುತ್ತದೆಯಾದ್ದರಿಂದ ಮೊದಲು ಮೈಯನ್ನು ನೋಡಿಸಬೇಕೆಂಬದು ಮುಖ್ಯ ನಿಯಮ. ಮೋತಿಯ ಎಡಗಿವಿಯೊಳಗೆ ಹುಣ್ಣಾಗಿತ್ತು. ಕೊರಳಪಟ್ಟಿಯ ಕೆಳಗೆ ಉಣ್ಣೆಗಳು ತುಂಬಿ ಚರ್ಮವು ಸುಲಿದಿತ್ತು. ಎರಡನೆಯದು ಸರಪಳಿ. ಕಟ್ಟಿದ ನಾಯಿಗೆ ಅಂಜಿದಾಗ ಓಡಲು ದಾರಿಯಿಲ್ಲ. ಓಡಲಾಗದ್ದಕ್ಕೆ ಉಳಿದ ಉಪಾಯ ಹಲ್ಲು ಒಂದೇ. ನಮ್ಮ ಕಡೆಯ ಬೇಸಿಗೆಯು ನಲವತ್ತು ಅಂಶವನ್ನು ಮೀರುವಾಗ ನೆರಳು ಸರಿದಂತೆ ತಾನು ಸರಿಯಲೂ ಅದಕ್ಕೆ ಆಗುತ್ತಿರಲಿಲ್ಲ. ಮೂರನೆಯದು ಹುಡುಗರ ಹಳ್ಳು. ಮಕ್ಕಳೆಂದರೆ ನೋವೆಂದು ಅದು ವರ್ಷವಿಡೀ ಕಲಿತಿತ್ತು. ನಾಲ್ಕನೆಯದು ಗುರುಗುಟ್ಟುವಿಕೆ. ಮೊದಮೊದಲು ಊಟದ ಸಮಯದಲ್ಲಿ ಅದು ಗುರುಗುಟ್ಟುತ್ತಿತ್ತಂತೆ. ಆಗೆಲ್ಲ ಬಡಿದು ಬಿಡಿಸಿದರು. ಗುರುಗುಟ್ಟುವದೆಂದರೆ ಹತ್ತಿರ ಬರಬೇಡವೆಂಬ ಎಚ್ಚರಿಕೆ. ಎಚ್ಚರಿಕೆಯನ್ನು ಬಡಿದು ಬಿಡಿಸಿದ ಮೇಲೆ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿಯು ಉಳಿಯಿತು. ಹುಡುಗನು ಕೈ ಚಾಚಿದಾಗ ಅದು ಸಪ್ಪಳ ಮಾಡದಿದ್ದುದಕ್ಕೆ ಇದು ಕಾರಣ.

ಉಪಾಯಗಳು ನಿಮಿತ್ತಗಳನ್ನೇ ಅನುಸರಿಸಿದವು. ಕಿವಿಗೆ ಮದ್ದಾಯಿತು. ಹಿತ್ತಲಿನ ಒಡೆದ ಗೋಡೆಗೆ ಕಲ್ಲಿಟ್ಟು, ಮುಳ್ಳುಬೇಲಿ ಹಾಕಿ, ಸರಪಳಿಯನ್ನು ಬಿಚ್ಚಿ ಅಲ್ಲಿ ಬಿಟ್ಟರು. ದಾರಿಯ ಹುಡುಗರು ಕಣ್ಣಿಗೆ ಬೀಳುವದು ತಪ್ಪಿತು. ಬೆಳಿಗ್ಗೆ ಸಂಜೆ ಯಜಮಾನನು ಹಗ್ಗ ಹಿಡಿದು ಹೊಲದವರೆಗೆ ನಡೆಸಿಕೊಂಡು ಹೋಗುವ ನೇಮವಾಯಿತು. ಅದು ಉಣ್ಣುವಾಗ ಮಕ್ಕಳಾರೂ ಹಿತ್ತಲಿಗೆ ಹೋಗಕೂಡದೆಂದು ಕಟ್ಟಳೆ ಮಾಡಿದೆವು. ದೊಡ್ಡವರು ಮಾತ್ರ, ಅದು ಉಣ್ಣುವಾಗ ದೂರದಿಂದ ಹಾದುಹೋಗುತ್ತ, ಅದರ ರೊಟ್ಟಿಗಿಂತ ರುಚಿಯಾದ ತುಣುಕೊಂದನ್ನು ಎಸೆದು ನಿಲ್ಲದೆ ಹೋಗಬೇಕು. ಅದು ಮೈ ಬಿಗಿಯದಿದ್ದರೆ ವಾರಕ್ಕೊಂದು ಹೆಜ್ಜೆ ಹತ್ತಿರವಾಗಬೇಕು. ರಷ್ಯಾದ ಪಾವ್ಲೋವನು, ಊಟ ತರುವವನ ಹೆಜ್ಜೆಯ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುವದನ್ನು ಗಮನಿಸಿದ್ದು ಪ್ರಸಿದ್ಧ. ಇಲ್ಲಿಯೂ ಮನುಷ್ಯನ ಹೆಜ್ಜೆಯೆಂದರೆ ಊಟವನ್ನು ಕಸಿಯುವದಲ್ಲ, ತರುವದೆಂಬ ಸಂಬಂಧವು ಮೆಲ್ಲಗೆ ಬೆಳೆಯಬೇಕಾಗಿತ್ತು. ದೀಪಾವಳಿಯ ಪಟಾಕಿಗೆ ನಡುಗುವ ನಾಯಿಗೂ ಇದೇ ಮಾರ್ಗ: ಒಳಕೋಣೆಯಲ್ಲಿ ಜಾಗ ಮಾಡಿಕೊಟ್ಟು, ಬಳಿಯಲ್ಲಿದ್ದು ಸಂತೈಸಬೇಕು, ಅಂಜಿಕೆಯು ಸಂತೈಸುವದರಿಂದ ಬೆಳೆಯುವದಿಲ್ಲ.

ಒಂದು ಮಳೆಗಾಲ ಕಳೆಯಿತು. ಮೋತಿಯು ಸಾಧುವಾಯಿತೆಂದು ನಾನು ಹೇಳಲಾರೆನು. ಅಪರಿಚಿತರನ್ನು ಕಂಡರೆ ಇಂದಿಗೂ ಬೊಗಳುತ್ತದೆ; ಹಿತ್ತಲಿಗೆ ಬೇರೆಯವರ ಮಕ್ಕಳನ್ನು ಬಿಡುವದಿಲ್ಲ; ಬಿಡಲೂಬಾರದು. ಆದರೆ ಮತ್ತೆ ಯಾರನ್ನೂ ಕಚ್ಚಿಲ್ಲ. ಯಜಮಾನನು ಉಣ್ಣುವಾಗ ಹತ್ತಿರ ಹೋದರೆ ತಲೆಯೆತ್ತಿ ಬಾಲವನ್ನಾಡಿಸುತ್ತದೆ. ಸಂಜೆಯ ತಿರುಗಾಟಕ್ಕೆ ಹುಡುಗನು ಅಜ್ಜನ ಇನ್ನೊಂದು ಕೈಯನ್ನು ಹಿಡಿದು ಹೋಗುತ್ತಾನೆ. ಅವನ ಅಂಗೈಯ ಕಲೆಯು ಇನ್ನೂ ಮಾಸಿಲ್ಲ.

ಇದೆಲ್ಲಕ್ಕೂ ಪುರುಸೊತ್ತೆಲ್ಲಿಯದೆಂದು ಅನ್ನುವವರುಂಟು. ಅಂಥವರು ನಾಯಿಯನ್ನು ತಾರದಿರುವದೇ ಲೇಸು. ತಂದು, ಕೆಡಿಸಿ, ದೂರ ಒಯ್ದು ಬಿಡುವದು ಯಾವ ನ್ಯಾಯ? ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂ‌ತೆ, ಸದಾ ಕಟ್ಟಿಟ್ಟ ನಾಯಿಗೆ ತಕ್ಕಷ್ಟು ನಡೆದಾಟವನ್ನು ಕೊಡದಿರುವದೂ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವದೂ ಅಪರಾಧಗಳು. ಬಿಟ್ಟ ನಾಯಿಯು ಮಾಯವಾಗುವದಿಲ್ಲ; ಇನ್ನೊಂದು ಊರಿನ ಇನ್ನೊಂದು ಮಗುವಿನ ದಾರಿಯಲ್ಲಿ, ಅಂಜಿಕೆಯನ್ನೂ ಹಸಿವನ್ನೂ ಹೊತ್ತು ನಿಲ್ಲುತ್ತದೆ. ನಮ್ಮ ನೆರೆಯ ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋಗಿ ಭೀಮಾ ಅಮರ್ಜಾ ಸಂಗಮದಲ್ಲಿ ಮಿಂದು ದತ್ತಾತ್ರೇಯನಿಗೆ ಕೈಮುಗಿದು ಬರುವವರು ನಾವು. ಆ ದೇವರ ಚಿತ್ರಪಟದಲ್ಲಿ ಪಾದದ ಬಳಿ ನಾಲ್ಕು ನಾಯಿಗಳಿವೆ. ಅವು ನಾಲ್ಕು ವೇದಗಳೆಂದು ಹಿರಿಯರು ಅರ್ಥ ಹೇಳುವರು. ಪಟದಲ್ಲಿರುವದಕ್ಕೆ ಹೂವನ್ನೂ ಬಾಗಿಲಲ್ಲಿರುವದಕ್ಕೆ ಹಳ್ಳನ್ನೂ ಎಸೆಯುವ ಕೈಗಳು ಒಂದೇ ಆಗಿರಬಾರದು.

ನಾಯಿಗೆ ಮಾತು ಬಾರದು. ತಾನೇ ಬಂದು ನ್ಯಾಯ ಕೇಳಲು ಎಲ್ಲ ನಾಯಿಗಳಿಗೂ ಸರಮೆಯಂಥ ತಾಯಿಯಿಲ್ಲ. ಆದುದರಿಂದ ಆ ಪ್ರಶ್ನೆಯನ್ನು ಕೋಲೆತ್ತುವವನೇ ತನ್ನನ್ನು ತಾನು ಕೇಳಿಕೊಳ್ಳಬೇಕು: ಇದು ಮಾಡಿದ ತಪ್ಪೇನು, ಅದಕ್ಕೆ ನಿಮಿತ್ತವೇನು? ಉತ್ತರವು ಸಿಕ್ಕಿದಲ್ಲಿ ಬಹುಮಟ್ಟಿಗೆ ಕೋಲಿನ ಕೆಲಸವಿರುವದಿಲ್ಲ. ಸಿಕ್ಕದಿದ್ದಲ್ಲಿ ಕೋಲಿಗೆ ಅಧಿಕಾರವಿರುವದಿಲ್ಲ. ವಾಚಕರಲ್ಲಿ ಯಾರಾದರೊಬ್ಬರು ಇದನ್ನೋದಿ ತಮ್ಮ ಬಾಗಿಲ ಸರಪಳಿಯನ್ನು ಇಂದು ಸಂಜೆ ಬಿಚ್ಚಿ, ಹಗ್ಗವನ್ನು ಕೈಯಲ್ಲಿ ಹಿಡಿದು ಹೊಲದವರೆಗೆ ನಡೆದು ಬಂದರೆ ಈ ಬರಹವು ಸಾರ್ಥಕವೆಂದು ಭಾವಿಸುವೆನು.